ಮಕ್ಕಳಿಗೂ ‘ರೀ’ ಅನ್ನುತ್ತಿದ್ದ ವಕೀಲರು

ಅವರು ತೀರಿಕೊಂಡ ಸುದ್ದಿ ನಮ್ಮ ಕನ್ನಡ ಸಂಘದ ವಾಟ್ಸ್‌ಆ್ಯಪ್ ಗುಂಪಿಗೆ ಬಂದಾಗ ಅಲ್ಲಿ ಮಾವಿನಹಣ್ಣಿನ ಮಾತು ನಡೆಯುತ್ತಿತ್ತು. ಪ್ರತಿವರ್ಷ ಈ ಹೊತ್ತಿಗೆ ವಿಮಾನದಲ್ಲಿ ಬಂದಿಳಿಯುವ ಆಪೂಸಿನ ಪೆಟ್ಟಿಗೆಗಳಿಗೆ ಅಮೆರಿಕದ ಮಿಷಿಗನ್ನಿನ ನೋವೈಯ ಕನ್ನಡಿಗರು ಮುಂಚೆಯೇ ಹೆಸರು ಕೊಟ್ಟಿಡುವುದು ವಾಡಿಕೆ. ಚಿಕಾಗೋದಿಂದ ಯಾರೋ “ನಮ್ಮ ಲಾಯರ್ ಆಂಟಿ ನಿನ್ನೆ ಹೋಗಿಬಿಟ್ಟರು” ಎಂದು ಹಾಕಿದರು. ಮೇಲಿನ ಸಾಲು ಓದದ ಮಹಾನುಭಾವರೊಬ್ಬರು ಅದರ ಕೆಳಗೇ “ನನಗೂ ಎರಡು ಪೆಟ್ಟಿಗೆ” ಎಂದರು. ಆಮೇಲೆ ಕೈಮುಗಿದ ಚಿತ್ರಗಳೂ ‘ಓಂ ಶಾಂತಿ’ಗಳೂ ಸಾಲುಗಟ್ಟಿದವು. ಅವರು ಬದುಕಿದ್ದಾಗ ಒಂದು ಫೋನು ಮಾಡದವರೆಲ್ಲ ‘ತುಂಬಲಾರದ ನಷ್ಟ’ ಎಂದು ಬರೆದರು. ಎರಡು ಪೆಟ್ಟಿಗೆಯ ಮಹಾನುಭಾವರು ನಾಚಿಕೊಂಡು ತಮ್ಮ ಸಾಲನ್ನು ಅಳಿಸಿದರು. ಆದರೆ ಸಂಜೆ, ಹಣ್ಣಿನ ಪಟ್ಟಿಯಲ್ಲಿ ತಮ್ಮ ಹೆಸರು ಬಿಟ್ಟುಹೋಗಿದೆ ಎಂದು ತಕರಾರು ಮಾಡುವುದನ್ನು ಮರೆಯಲಿಲ್ಲ.

ಲಾಯರ್ ಆಂಟಿ ಇದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. “ಸತ್ತೋರಿಗೆ ಹಣ್ಣು ಯಾಕ್ರೀ, ಇದ್ದೋರು ತಿನ್ಲಿ ಬಿಡ್ರಿ” ಎನ್ನುತ್ತಿದ್ದರು. ಅವರದು ಹುಬ್ಬಳ್ಳಿ. ಮಿಷಿಗನ್ನಿನ ಚಳಿಯಲ್ಲಿ ಅಷ್ಟು ವರ್ಷ ಇದ್ದರೂ ಮಾತಿನ ಖಾರ ಕಡಿಮೆಯಾಗಿರಲಿಲ್ಲ. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ತಮ್ಮ ಕೆಲಸದ ಬಗ್ಗೆ ಹೊರಗೆ ಒಂದಕ್ಷರ ಆಡದ ಹೆಂಗಸು ಅವರು, ಸತ್ತ ಮೇಲೆ ಹೆಸರು ಹಿಡಿದು ಕೂಗುವುದು ನನಗೆ ಸರಿ ಕಾಣುವುದಿಲ್ಲ. ಮುಂದೆ ಬರುವ ಕುಟುಂಬದ ಕಥೆಯನ್ನು ಆ ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ, ಹೆಸರುಗಳನ್ನು ಮಾತ್ರ ಬದಲಿಸಿದ್ದೇನೆ.

ನಮ್ಮ ಊರುಗಳಲ್ಲಿ, ಅಂದರೆ ನೋವೈ, ಫಾರ್ಮಿಂಗ್ಟನ್ ಹಿಲ್ಸ್ ಕಡೆ, ಕಲ್ಲು ಎಸೆದರೆ ಇಂಜಿನಿಯರಿಗೆ ಬೀಳುತ್ತದೆ, ತಪ್ಪಿದರೆ ಡಾಕ್ಟರಿಗೆ. ವಕೀಲರು ಅಪರೂಪ. ಹಾಗಾಗಿ ಫಾರ್ಮಿಂಗ್ಟನ್ ಹಿಲ್ಸಿನಲ್ಲಿ ಒಬ್ಬ ಕನ್ನಡದ ವಕೀಲರಿದ್ದಾರೆ ಎಂದು ತಿಳಿದಾಗ ನಮ್ಮವರಿಗೆ ಹಬ್ಬವೇ ಆಯಿತು. ನಮ್ಮ ಪ್ರಕಾರ ವಕೀಲರು ಅಂದರೆ ವೀಸಾ. ಯುಗಾದಿ ಊಟವಿರಲಿ, ಗಣೇಶನ ವಿಸರ್ಜನೆಯಿರಲಿ, ಅವರನ್ನು ಒಂದು ಮೂಲೆಗೆ ಒತ್ತಿ “ಆಂಟಿ, ನನ್ನ ಗ್ರೀನ್ ಕಾರ್ಡ್ ಅಪ್ಲೈ ಮಾಡಿದೀನಿ, ಡೇಟ್ ಮುಂದಕ್ಕೇ ಹೋಗ್ತಾ ಇಲ್ಲ” ಎಂದು ಶುರುಮಾಡುತ್ತಿದ್ದರು. ಅವರು ಕೈಯಲ್ಲಿದ್ದ ಕೋಸಂಬರಿ ಮುಗಿಸಿ ಹೇಳುತ್ತಿದ್ದರು:

“ನನ್ನ ಕಡೆ ವೀಸಾ ಇಲ್ರೀ. ನಿಮ್ಮ ಕೂಸನ್ನ ಸರ್ಕಾರದೋರು ಎತ್ಕೊಂಡು ಹೋದ್ರ ಹೇಳ್ರಿ, ಬರ್ತೀನಿ.”

ಅದಾದ ಮೇಲೆ ಯಾರೂ ಏನೂ ಕೇಳುತ್ತಿರಲಿಲ್ಲ. ಕೆಲವು ತಾಯಂದಿರು ಮಕ್ಕಳನ್ನು ಹತ್ತಿರ ಎಳೆದುಕೊಂಡದ್ದನ್ನೂ ನಾನು ನೋಡಿದ್ದೇನೆ.

ಅವರ ಕೆಲಸ ಇಷ್ಟು. ಯಾವುದೋ ಮಗುವನ್ನು ಮನೆಯವರು ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಎಂದು ದೂರು ಹೋದರೆ ಸರ್ಕಾರದ ಮಕ್ಕಳ ರಕ್ಷಣೆಯವರು ಬಂದು ವಿಚಾರಿಸುತ್ತಾರೆ, ಬೇಕೆನಿಸಿದರೆ ಕೋರ್ಟಿಗೆ ಹೋಗುತ್ತಾರೆ. ಮಗು ಮನೆಯಲ್ಲೇ ಇರಬೇಕೇ, ಬೇರೆ ಯಾರದೋ ಮನೆಗೆ ಹೋಗಬೇಕೇ ಎಂದು ನ್ಯಾಯಾಧೀಶರು ತೀರ್ಮಾನಿಸುತ್ತಾರೆ. ಅಲ್ಲಿ ಸರ್ಕಾರದ ಕಡೆಗೆ ಒಬ್ಬ ವಕೀಲ, ತಂದೆತಾಯಿಯ ಕಡೆಗೆ ಒಬ್ಬ ವಕೀಲ. ಮಗುವಿನ ಕಡೆಗೂ ಒಬ್ಬರು ಬೇಕಲ್ಲ? ಆ ಒಬ್ಬರು ಇವರು.

ಗಿಡ್ಡ ದೇಹ, ಕಪ್ಪು ಕೋಟು, ಅದರ ಕೆಳಗೆ ಓಡುವವರ ಬೂಟು. ಕೈಚೀಲದಲ್ಲಿ ಕಾನೂನು ಪುಸ್ತಕ ಇರುತ್ತಿತ್ತೋ ಇಲ್ಲವೋ, ಬಣ್ಣದ ಕಡ್ಡಿಗಳು, ಒಂದು ಇಸ್ಪೀಟಿನ ಕಟ್ಟು ಮತ್ತು ಒಂದು ಪೊಟ್ಟಣ ಚುರುಮರಿ ತಪ್ಪದೆ ಇರುತ್ತಿದ್ದವು. ಯಾರ ಮನೆಗೆ ಹೋದರೂ ಸೋಫಾ ಬಿಟ್ಟು ನೆಲದ ಮೇಲೆ ಕೂರುತ್ತಿದ್ದರು. ಏಳುವಾಗ ಮಂಡಿ ಲಟಲಟ ಎನ್ನುತ್ತಿತ್ತು. “ನನ್ನ ಕಕ್ಷಿದಾರರು ಗಿಡ್ಡ ಇರ್ತಾರ್ರೀ. ಮ್ಯಾಲೆ ಕುಂತ್ರ ಅವರ ಮಾರಿ ಕಾಣಂಗಿಲ್ಲ” ಎಂದು ಕಾರಣ ಕೊಡುತ್ತಿದ್ದರು.

ಇನ್ನೊಂದು ಅಭ್ಯಾಸ ನಮ್ಮನ್ನೆಲ್ಲ ತಬ್ಬಿಬ್ಬು ಮಾಡುತ್ತಿತ್ತು. ಅವರು ಮಕ್ಕಳಿಗೂ ‘ರೀ’ ಅನ್ನುತ್ತಿದ್ದರು. ಮೂಗು ಸುರಿಸುತ್ತ ನಿಂತ ಮಗುವನ್ನೂ “ಬರ್ರಿ, ಕುಂದರ್ರಿ, ಏನ್ ಸುದ್ದಿ?” ಎಂದು ಕರೆಯುತ್ತಿದ್ದರು. ನಾನೊಮ್ಮೆ ನಕ್ಕೆ. “ನಗಬ್ಯಾಡ್ರಿ. ದೊಡ್ಡೋರ ವಕೀಲರು ತಮ್ಮ ಕಕ್ಷಿದಾರರಿಗೆ ಮರ್ಯಾದಿ ಕೊಡಂಗಿಲ್ಲೇನು? ನಾನೂ ಕೊಡ್ತೀನಿ” ಅಂದರು. ಸ್ವಂತ ಮಕ್ಕಳನ್ನು ‘ಏಯ್’ ಎನ್ನುವುದರಲ್ಲೇ ಬೆಳೆಸಿದ ನಮಗೆ ಇದು ಅತಿ ಅನ್ನಿಸುತ್ತಿತ್ತು.

ಅವರ ಗಂಡನಿಗೆ ಚಿಕಾಗೋ ಕಡೆ ಕೆಲಸ. ವರ್ಷಗಟ್ಟಲೆ ಶನಿವಾರ ಬೆಳಿಗ್ಗೆ ಇವರು ಫ್ರೀವೇ ಹಿಡಿದು ಚಿಕಾಗೋಗೆ ಡ್ರೈವ್ ಮಾಡಿ ಭಾನುವಾರ ಸಂಜೆ ವಾಪಸು ಬರುತ್ತಿದ್ದರು. ಇಂಥ ವಿಷಯವನ್ನು ನಮ್ಮವರು ಸುಮ್ಮನೆ ಬಿಟ್ಟಾರೆಯೇ? ಗಂಡಹೆಂಡಿರ ನಡುವೆ ಏನೋ ಇದೆ ಎಂದು ದೇವಸ್ಥಾನದ ಪ್ರಸಾದದ ಸಾಲಿನಲ್ಲೇ ತೀರ್ಪಾಯಿತು. ನಾನು ನೇರವಾಗಿ ಕೇಳಿದೆ, ಅಲ್ಲೇ ಹೋಗಿ ಯಾಕೆ ಇರಬಾರದು ಎಂದು. “ನಡು ಕೇಸಿನ್ಯಾಗ ವಕೀಲರು ಬದ್ಲಿ ಆದ್ರ ಕೂಸು ಎಲ್ಲಾ ಮೊದಲಿಂದ ಮತ್ತೊಮ್ಮೆ ಹೇಳಬೇಕಾಗ್ತೈತಿ. ಒಮ್ಮೆ ಹೇಳೂದಽ ತ್ರಾಸು” ಎಂದರು. ಒಂದು ಕೇಸು ಮುಗಿಯುವಷ್ಟರಲ್ಲಿ ಇನ್ನೊಂದು ಬರುತ್ತಿತ್ತು. ಚಿಕಾಗೋ ಮುಂದಕ್ಕೇ ಹೋಗುತ್ತಿತ್ತು.

ಐವತ್ತು ದಾಟಿದ ಮೇಲೆ ಅವರು ಒಂದು ಪರೀಕ್ಷೆಗೆ ಕೂತರು. ಮಕ್ಕಳ ಕೇಸುಗಳನ್ನೇ ನಡೆಸುವ ವಕೀಲರಿಗೆ ಈ ದೇಶದಲ್ಲಿ ‘ಸ್ಪೆಷಲಿಸ್ಟ್’ ಎಂದು ಸರ್ಟಿಫಿಕೇಟ್ ಕೊಡುವ ಪದ್ಧತಿ ಇದೆ. ಸುಮ್ಮನೆ ಸಿಗುವುದಿಲ್ಲ. ವರ್ಷಗಳ ಅನುಭವ ತೋರಿಸಬೇಕು, ಬರೆದ ವಾದಗಳನ್ನು ಕಳಿಸಬೇಕು, ಜೊತೆಗೆ ಕೆಲಸ ಮಾಡಿದವರು ಇವರನ್ನು ನಂಬಬಹುದು ಎಂದು ಹೇಳಬೇಕು, ಕೊನೆಗೆ ಪರೀಕ್ಷೆಯನ್ನೂ ಪಾಸು ಮಾಡಬೇಕು. ಅವರು ಓದುತ್ತ ಕೂತದ್ದು ಕೇಳಿ ನಮ್ಮ ಸಂಘದ ಅಧ್ಯಕ್ಷರು, “ಆಲ್ರೆಡಿ ಲಾಯರ್ ಅಲ್ವಾ, ಮತ್ತೆ ಎಂಥ ಪರೀಕ್ಷೆ?” ಎಂದು ಕನಿಕರದಿಂದ ಕೇಳಿದರು. ಈ ಮಾತು ಬಂದದ್ದು ಯಾರ ಬಾಯಿಂದ ಎಂಬುದನ್ನು ಗಮನಿಸಬೇಕು. ಅಧ್ಯಕ್ಷರು ಕಾರಿನ ಸೀಟು ತಯಾರಿಸುವ ಕಂಪನಿಯಲ್ಲಿ ಕ್ವಾಲಿಟಿ ವಿಭಾಗದವರು. ಅವರ ಇಮೇಲಿನ ಕೆಳಗಿನ ಸರ್ಟಿಫಿಕೇಟುಗಳ ಸಾಲು ಇಮೇಲಿಗಿಂತ ಉದ್ದ. ಸೀಟಿನ ಸ್ಕ್ರೂ ಸಡಿಲವಾಗದಂತೆ ನೋಡಿಕೊಳ್ಳಲು ‘ಬ್ಲಾಕ್ ಬೆಲ್ಟ್’ ಎಂಬ ಸರ್ಟಿಫಿಕೇಟ್ ಬೇಕು, ಆ ಸೀಟಿನಲ್ಲಿ ಕೂತ ಮಗುವಿನ ಪರವಾಗಿ ಮಾತಾಡಲು ಏನೂ ಬೇಡ.

ನಾನು ಅದನ್ನೇ ಅವರ ಮುಂದೆ ಹೇಳಿದಾಗ ಒಮ್ಮೆಗೇ ಸಿಡಿದರು. “ಟ್ರಕ್ ಗುದ್ದಿದ್ರ ಅದಕ್ಕೊಬ್ಬ ಸ್ಪೆಷಲಿಸ್ಟ್ ಅದಾನ. ನಾಯಿ ಕಡದ್ರ ಅದಕ್ಕೊಬ್ಬ ಅದಾನ. ಫ್ರೀವೇ ತುಂಬ ಬೋರ್ಡಿನ ಮ್ಯಾಲೆ ಅವರ ಮಾರೀನಽ. ಕೂಸನ್ನ ಅವ್ವನ ಮಗ್ಗಲದಿಂದ ಎಬ್ಬಿಸ್ಕೊಂಡು ಹೋಗೂ ಕೇಸಿಗೆ ಮಾತ್ರ ನಿನ್ನೆ ಪಾಸಾದ ಹುಡುಗ ಆದ್ರೂ ನಡೀತೈತೇನ್ರೀ?” ನಾನು ಅವರಿಗೆ ಸಿಟ್ಟು ಬಂದದ್ದು ನೋಡಿದ್ದು ಅದೊಂದೇ ಸಲ.

ಪಾಸಾದರು. ರಾಜ್ಯೋತ್ಸವದ ದಿನ ಸಂಘ ಅವರಿಗೆ ಶಾಲು ಹೊದಿಸಿತು, ಹಣ್ಣಿನ ಬುಟ್ಟಿ ಕೊಟ್ಟಿತು, ಮೈಸೂರು ಪೇಟ ಇಟ್ಟಿತು. ಪೇಟ ಕಣ್ಣಿನವರೆಗೆ ಇಳಿಯಿತು. ನಿರೂಪಕಿ “ಮಕ್ಕಳ ಭವಿಷ್ಯದ ವಿಷಯದಲ್ಲಿ ಇಡೀ ಅಮೆರಿಕವೇ ಮೆಚ್ಚಿದ ಸ್ಪೆಷಲಿಸ್ಟ್” ಎಂದು ಮೈಕಿನಲ್ಲಿ ಕೂಗಿದಳು. ನೋವೈಯಲ್ಲಿ ಮಕ್ಕಳ ಭವಿಷ್ಯ ಎಂದರೆ ಕಾಲೇಜಿನ ಅಡ್ಮಿಷನ್ ಒಂದೇ. ಊಟದ ಹೊತ್ತಿಗೆ ಅವರ ಮುಂದೆ ತಾಯಂದಿರ ಸಾಲು. “ಆಂಟಿ, ನನ್ನ ಮಗಳು ಪಿಯಾನೋ ಬಿಟ್ಟುಬಿಡ್ತೀನಿ ಅಂತಿದಾಳೆ, ಆ್ಯನ್ ಆರ್ಬರ್ ಯೂನಿವರ್ಸಿಟಿ ಸೀಟಿಗೆ ತೊಂದ್ರೆ ಆಗುತ್ತಾ?” ಅವರು ಆ ತಾಯಿಯನ್ನು ದಾಟಿ ಹಿಂದೆ ನಿಂತ ಹುಡುಗಿಯನ್ನು ಕೇಳಿದರು: “ನಿಮಗ ಪಿಯಾನೋ ಸೇರ್ತೈತೇನ್ರೀ?” ಹುಡುಗಿ “ನೋ” ಅಂದಳು. “ಹಂಗಾರ ಬಿಡ್ರಿ” ಅಂದರು. ಸಾಲು ಕರಗಿತು.

ಇಷ್ಟೆಲ್ಲ ಆದ ಮೇಲಿನ ಯುಗಾದಿಯ ಹಿಂದಿನ ಸಂಜೆ ನಡೆದದ್ದು ಇದು. ಸೌಮ್ಯ ಮತ್ತು ಪ್ರಶಾಂತ ನಮ್ಮ ಬಡಾವಣೆಯವರು, ಅವರ ಮಗಳು ಧೃತಿಗೆ ಆಗ ಐದು ವರ್ಷ. ಸೌಮ್ಯ ಆಫೀಸು ಮುಗಿಸಿ, ಮಗಳನ್ನು ಡೇಕೇರಿನಿಂದ ಎತ್ತಿಕೊಂಡು, ಬೇವಿನ ಹೂವಿನ ಪೊಟ್ಟಣಕ್ಕೆಂದು ಇಂಡಿಯನ್ ಅಂಗಡಿಯ ಮುಂದೆ ಕಾರು ನಿಲ್ಲಿಸಿದಳು. ಹಿಂದಿನ ಸೀಟಿನಲ್ಲಿ ಮಗು ನಿದ್ದೆ ಹೋಗಿತ್ತು. ಹೊರಗೆ ಮೂಗು ಉದುರುವ ಚಳಿ. ಎಬ್ಬಿಸಿದರೆ ಅಳುತ್ತಾಳೆ, ಎರಡೇ ನಿಮಿಷ ತಾನೇ ಎಂದು ಹೀಟರ್ ಹಾಕಿ, ಬೀಗ ಹಾಕಿ ಒಳಗೆ ಓಡಿದಳು. ಒಳಗೆ ನೋವೈಗೆ ನೋವೈಯೇ ಸಾಲಿನಲ್ಲಿ ನಿಂತಿತ್ತು. ಮುಂದಿದ್ದವರ ಹಲಸಿನಕಾಯಿಗೆ ಬಾರ್‌ಕೋಡ್ ಇರಲಿಲ್ಲ, ಅದನ್ನು ಹುಡುಕಲು ಹೋದವನು ಬರಲೇ ಇಲ್ಲ. ಅಷ್ಟರಲ್ಲಿ ಯಾರೋ ದಾರಿಹೋಕರು ಕಾರಿನಲ್ಲಿ ಮಗು ಒಂದೇ ಇದೆ ಎಂದು ಕಾರಿನ ನಂಬರು ಸಮೇತ ಮಕ್ಕಳ ರಕ್ಷಣೆಯವರಿಗೆ ಫೋನ್ ಮಾಡಿದ್ದರು. ಮಗು ಏಳಲೂ ಇಲ್ಲ. ಸೌಮ್ಯ ಮಗಳ ಸಮೇತ ಮನೆಗೆ ಬಂದು, ಹೋಳಿಗೆ ತಟ್ಟಿ ಮಲಗಿದಳು.

ಮಕ್ಕಳ ರಕ್ಷಣೆಯ ಅಧಿಕಾರಿಯ ಫೋನು ಬಂದಾಗ ಸೌಮ್ಯ ನನ್ನ ಮನೆಗೆ ಓಡಿಬಂದಳು. ಮಗುವನ್ನು ಎತ್ತಿಕೊಂಡು ಹೋಗಿಬಿಡುತ್ತಾರಾ ಎಂಬುದೊಂದೇ ಅವಳ ಪ್ರಶ್ನೆ. ಲಾಯರ್ ಆಂಟಿಗೆ ಫೋನ್ ಮಾಡೋಣ ಎಂದು ನಾನು ಹೇಳಿದೆ.

“ಬೇಡ ಅಕ್ಕ. ಅವರು ಮಕ್ಕಳ ಕಡೆಯವರಂತೆ” ಅಂದಳು, ಅದೊಂದು ಕಾಯಿಲೆ ಅನ್ನುವ ಹಾಗೆ.

ಬದಲಿಗೆ ಸಂಘದ ಲೀಗಲ್ ಕಮಿಟಿ ಸೇರಿತು. ಹಾಗೊಂದು ಕಮಿಟಿ ಅಲ್ಲಿಯವರೆಗೆ ಇರಲಿಲ್ಲ, ಆ ಸಂಜೆ ಅಧ್ಯಕ್ಷರ ಬೇಸ್‌ಮೆಂಟಿನಲ್ಲಿ ಬಜ್ಜಿಯ ಜೊತೆ ಹುಟ್ಟಿತು. ಸೌಮ್ಯಳ ಜೊತೆಗೆಂದು ನಾನೂ ಹೋಗಿದ್ದೆ. ಅಧ್ಯಕ್ಷರು ಬಿಳಿ ಬೋರ್ಡಿನ ಮೇಲೆ ಮೀನಿನ ಮುಳ್ಳಿನಂಥ ಚಿತ್ರ ಬರೆದು, ಕಂಪನಿಯಲ್ಲಿ ಮಾಡುವಂತೆ, ಸಮಸ್ಯೆಯ ಬೇರನ್ನು ಹುಡುಕಿದರು. ಬೇರು: ಕಾರಿನಲ್ಲಿ ದೊಡ್ಡವರು ಇರಲಿಲ್ಲ. ಪರಿಹಾರ: ಕಾರಿನಲ್ಲಿ ದೊಡ್ಡವರು ಇದ್ದರು. ಪ್ರಶಾಂತನ ತಾಯಿ ಹಬ್ಬ ಮುಗಿಸಿಕೊಂಡು ಅದೇ ವಾರ ಮೈಸೂರಿನಿಂದ ಬಂದಿಳಿದಿದ್ದರು. ಅವರನ್ನು ಮಾತಿನಲ್ಲೇ ಯುಗಾದಿಯ ಹಿಂದಿನ ಸಂಜೆಗೆ ಹಿಮ್ಮುಖವಾಗಿ ಸಾಗಿಸಿ, ಹಿಂದಿನ ಸೀಟಿನಲ್ಲಿ ಶಾಲು ಹೊದಿಸಿ ಮಲಗಿಸಲಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಆಮೇಲೆ ನಮ್ಮವರು ಯಾವುದರಲ್ಲಿ ಎತ್ತಿದ ಕೈಯೋ ಅದನ್ನೇ ಮಾಡಿದರು. ಮಗುವಿಗೆ ಕಂಠಪಾಠ ಮಾಡಿಸಿದರು. ಸ್ಪೆಲ್ಲಿಂಗ್ ಸ್ಪರ್ಧೆಗೂ ಭಗವದ್ಗೀತೆ ಸ್ಪರ್ಧೆಗೂ ಮಕ್ಕಳನ್ನು ಹೇಗೆ ತಯಾರು ಮಾಡುತ್ತೇವೋ ಹಾಗೆಯೇ. ಅಧ್ಯಕ್ಷರು ಅಧಿಕಾರಿಯ ಪಾತ್ರ ಮಾಡಿ ಪ್ರಶ್ನೆ ಕೇಳುವುದು, ಧೃತಿ ಇಂಗ್ಲಿಷಿನಲ್ಲಿ ಒಪ್ಪಿಸುವುದು. ಅಜ್ಜಿ ನನ್ನ ಜೊತೆ ಕಾರಿನಲ್ಲಿದ್ದರು, ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದರು, ನನಗೆ ನನ್ನ ಮನೆ ಬಹಳ ಇಷ್ಟ. ಕಣ್ಣು ನೋಡಿ ಹೇಳು, ನಗುತ್ತ ಹೇಳು. ತಪ್ಪಿದಾಗ ಯಾರೋ ಒಬ್ಬರು, “ಸರಿಯಾಗಿ ಹೇಳ್ದಿದ್ರೆ ನಿನ್ನ ಬೇರೆಯೋರ ಮನೆಗೆ ಕಳಿಸ್ಬಿಡ್ತಾರೆ, ಪುಟ್ಟಿ” ಎಂದು ಪ್ರೀತಿಯಿಂದಲೇ ಹೇಳಿದರು. ಮಗು ಆಮೇಲೆ ಒಮ್ಮೆಯೂ ತಪ್ಪಲಿಲ್ಲ. ನಾನು ಕೈಯಲ್ಲಿದ್ದ ಬಜ್ಜಿಯನ್ನು ತಟ್ಟೆಗೆ ವಾಪಸಿಟ್ಟೆ.

ಮನೆಗೆ ವಿಚಾರಿಸಲು ಬಂದ ಅಧಿಕಾರಿ ಎಳೆ ವಯಸ್ಸಿನ ಹೆಂಗಸು. ಧೃತಿ ಕೈಕಟ್ಟಿ ಎಲ್ಲವನ್ನೂ ಒಪ್ಪಿಸಿ, ಕೊನೆಗೆ ವೇದಿಕೆಯ ಮೇಲೆ ಮಾಡುವಂತೆ “ಥ್ಯಾಂಕ್ ಯೂ” ಎಂದು ಬಾಗಿದಳು. ಅಧಿಕಾರಿಯ ಹುಬ್ಬು ಮೇಲೇರಿತು. ಅವಳು ಫೋನಿನಲ್ಲಿ ಕನ್ನಡದ ದುಭಾಷಿಯನ್ನು ಹಿಡಿದು ಅಜ್ಜಿಯನ್ನು ಕೇಳಿದಳು, ನೀವು ಕಾರಿನಲ್ಲಿ ಎಲ್ಲಿ ಕೂತಿದ್ದಿರಿ ಎಂದು. ಎಲ್ಲದಕ್ಕೂ ‘ಹೌದು’ ಅನ್ನಿ ಎಂದು ಹೇಳಿಕೊಟ್ಟಿದ್ದರು. ಆದರೆ ‘ಎಲ್ಲಿ’ ಎಂದು ಕೇಳಿದರೆ ‘ಹೌದು’ ಅನ್ನುವುದು ಹೇಗೆ? ಅಜ್ಜಿ ಸತ್ಯವಂತರು, ಗಲಿಬಿಲಿಯಾದರು.

“ಯುಗಾದಿ ಹಿಂದಿನ ದಿನ ನಾನು ಮೈಸೂರಲ್ಲೇ ಇದ್ದೆನಲ್ಲಮ್ಮಾ. ನನಗ್ಯಾಕೆ ಅಂಗಡಿ, ಬೇವಿನ ಮರ ನಮ್ಮನೆ ಮುಂದೇನೇ ಇದೆ” ಅಂದರು. ದುಭಾಷಿ ಬೇವಿನ ಮರವನ್ನೂ ಬಿಡದೆ ಇಂಗ್ಲಿಷಿಗೆ ದಾಟಿಸಿದಳು.

ಅಧಿಕಾರಿ ಹೊರಟು ನಿಂತಾಗ ಸೌಮ್ಯ ಏನು ಮಾಡಬೇಕೆಂದು ತೋಚದೆ ಮನೆಯಿಂದ ಹೊರಡುವ ಹೆಣ್ಣುಮಗಳಿಗೆ ಏನು ಮಾಡುತ್ತೇವೋ ಅದನ್ನೇ ಮಾಡಿದಳು. ತಟ್ಟೆಯಲ್ಲಿ ಎಲೆಅಡಿಕೆ, ತೆಂಗಿನಕಾಯಿ, ಬ್ಲೌಸ್ ಪೀಸ್ ಇಟ್ಟು ಕುಂಕುಮ ಕೊಡಲು ಹೋದಳು. ಆಕೆ ಬೇಡ ಬೇಡ ಎನ್ನುತ್ತ ಹಿಂದೆ ಹಿಂದೆ ಸರಿದಳು. ಸೌಮ್ಯ ತೆಂಗಿನಕಾಯಿ ಹಿಡಿದು ಅವಳ ಕಾರಿನವರೆಗೂ ಓಡಿದಳು.

ಒಂದು ಎಚ್ಚರಿಕೆಯಲ್ಲಿ ಮುಗಿಯಬಹುದಾಗಿದ್ದ ವಿಷಯ ಹೀಗೆ ಕೋರ್ಟಿಗೆ ಹೋಯಿತು. ಐದು ವರ್ಷದ ಮಗುವಿಗೆ ಸುಳ್ಳು ಕಲಿಸಿದ ಮನೆ, ಇನ್ನೇನೇನು ಮುಚ್ಚಿಟ್ಟಿದ್ದಾರೋ, ಗೊತ್ತಾಗುವವರೆಗೆ ಮಗು ಬೇರೆ ಕಡೆ ಇರಲಿ ಎಂಬುದು ಸರ್ಕಾರದ ಕೋರಿಕೆ. ಕಮಿಟಿ ಎದೆಗುಂದದೆ ಅಧ್ಯಕ್ಷರ ಮನೆಯ ಖರೀದಿಪತ್ರ ಮಾಡಿಸಿದ ವಕೀಲರನ್ನು ಸೌಮ್ಯ, ಪ್ರಶಾಂತರಿಗೆ ಗೊತ್ತುಮಾಡಿತು. ಹಲ್ಲಿಗೊಬ್ಬರು ಕಣ್ಣಿಗೊಬ್ಬರು ಎಂದು ಡಾಕ್ಟರನ್ನು ಹುಡುಕುವ ನಾವು ಮಗುವನ್ನು ಉಳಿಸಿಕೊಳ್ಳಲು ಮನೆ ರಿಜಿಸ್ಟ್ರಿಯವರನ್ನು ಕರೆದೆವು. ಅಷ್ಟರಲ್ಲಿ ಮಗುವಿನ ಪರವಾಗಿ ಕೋರ್ಟು ಯಾರನ್ನು ನೇಮಿಸಿದೆ ಎಂದು ತಿಳಿಯಿತು. ನಮ್ಮ ಹುಬ್ಬಳ್ಳಿಯವರನ್ನೇ! ಈ ಕುಟುಂಬವನ್ನು ಸಂಘದ ಊಟಗಳಲ್ಲಿ ನೋಡಿದ್ದೇನೆ ಎಂದು ಅವರು ಕೋರ್ಟಿಗೆ ಮುಂಚೆಯೇ ತಿಳಿಸಿದ್ದರು, ಯಾರೂ ಬೇಡ ಅನ್ನಲಿಲ್ಲ.

“ನಮ್ಮೋರೇ ಸಿಕ್ಕಿದಾರೆ, ಇನ್ನೇನು ಗೆದ್ದಂಗೇ” ಎಂದರು ಅಧ್ಯಕ್ಷರು.

ನನಗೆ ಮಾತ್ರ ಆ ಸಂಜೆಯೇ ಅವರ ಫೋನು ಬಂತು. “ಕೇಸು ಮುಗಿಯೂತನ ನನಗ ಫೋನ್ ಮಾಡಬ್ಯಾಡ್ರಿ. ಹೋಳಿಗಿ ಅಂತೂ ಕಳಸಲೇ ಬ್ಯಾಡ್ರಿ.” ಇಷ್ಟು ಹೇಳಿ ಇಟ್ಟುಬಿಟ್ಟರು.

ಅವರು ಸೌಮ್ಯಳ ಮನೆಗೆ ಬಂದ ದಿನ ನಾನು ಅಲ್ಲಿದ್ದೆ. ಆ ಮನೆ ಖರೀದಿಯ ವಕೀಲರೂ ಒಂದು ಮೂಲೆಯಲ್ಲಿ ಕೂತಿದ್ದರು. ಪ್ರಶಾಂತ ಕೈಮುಗಿದು, “ನೀವೇ ನಮ್ಮನ್ನ ಕಾಪಾಡ್ಬೇಕು ಆಂಟಿ” ಅಂದ.

“ನಾ ನಿಮ್ಮ ವಕೀಲ ಅಲ್ರೀ. ನಾ ಅವರ ವಕೀಲ.”

‘ಅವರು’ ಯಾರೆಂದು ಪ್ರಶಾಂತ ತಿರುಗಿ ನೋಡಿದ. ಬಾಗಿಲ ಹತ್ತಿರ ಮೇಲ್ತುಟಿಗೆ ಹಾಲು ಮೆತ್ತಿಕೊಂಡು ಧೃತಿ ನಿಂತಿದ್ದಳು. “ಬರ್ರಿ, ನಿಮ್ಮ ಖೋಲಿ ತೋರಸ್ರಿ” ಎಂದು ಅವಳ ಹಿಂದೆ ಮೆಟ್ಟಿಲು ಹತ್ತಿದರು. ನಾವೆಲ್ಲ ಮೆಟ್ಟಿಲ ಮೇಲೆ ಕಿವಿಗೊಟ್ಟು ನಿಂತೆವು. ಬಾಗಿಲು ತೆರೆಯಿತು. “ಇಲ್ಲಿ ಮೀಟಿಂಗ್ ನಡದೈತಿ. ಕೆಳಗ ಹೋಗ್ರಿ” ಅಂದರು. ಹೋದೆವು.

ಒಳಗೆ ಏನು ನಡೆಯಿತೆಂದು ಅವರು ಸಾಯುವವರೆಗೂ ಹೇಳಲಿಲ್ಲ. ದೊಡ್ಡವಳಾದ ಮೇಲೆ ಧೃತಿಯೇ ಹೇಳಿದಳು. ಮೊದಲು ಇಸ್ಪೀಟು ಆಡಿದರಂತೆ. ಧೃತಿ ಒಂದು ಎಲೆಯನ್ನು ಮಂಡಿಯ ಕೆಳಗೆ ಬಚ್ಚಿಟ್ಟಳಂತೆ. ಅವರು ನಗುತ್ತ “ಖರೇ ಹೇಳ್ರಿ” ಅಂದರಂತೆ. ಹಾಗೆಂದರೇನು ಎಂದು ಇವಳು ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ, ಇದ್ದದ್ದನ್ನು ಇದ್ದ ಹಾಗೆ ಹೇಳುವುದು, ದೊಡ್ಡವರಿಗೆ ಅದು ಕಷ್ಟ ಎಂದರಂತೆ. ಆಮೇಲೆ ಹೇಳಿದರಂತೆ: ನಾನು ನಿಮ್ಮ ವಕೀಲೆ, ನಿಮ್ಮ ಅಮ್ಮ ಕೂಡ ನನ್ನನ್ನು ಕೆಲಸದಿಂದ ತೆಗೆಯಲಾರಳು. ಆಗ ಧೃತಿ ಕೇಳಿದಳಂತೆ, ಅಜ್ಜಿ ಕಾರಿನಲ್ಲಿ ಇರಲಿಲ್ಲ ಎಂದು ಹೇಳಿದರೆ ನನ್ನನ್ನು ಕಳಿಸಿಬಿಡುತ್ತಾರಾ? ಅವರು, ನನಗೆ ಗೊತ್ತಿಲ್ಲ, ಆದರೆ ನೀವು ನಿಮ್ಮ ಮಂಚದಲ್ಲೇ ಮಲಗಬೇಕು ಅನ್ನುತ್ತೀರಿ ಎಂದು ಕೋರ್ಟಿನಲ್ಲಿ ನಿಂತು ಹೇಳುತ್ತೇನೆ ಎಂದರಂತೆ. “ಎಲ್ರೂ ಏನೂ ಆಗಲ್ಲ ಅಂತಿದ್ರು” ಎಂಬರ್ಥದ ಮಾತನ್ನು ಧೃತಿ ತನ್ನ ಇಂಗ್ಲಿಷಿನಲ್ಲಿ ಹೇಳಿದಳು, “ಅವರು ಮಾತ್ರ ಗೊತ್ತಿಲ್ಲ ಅಂದ್ರು. ಅದಕ್ಕೇ ನಾನು ನಂಬಿದೆ.”

ವಿಚಾರಣೆಯ ಬೆಳಿಗ್ಗೆ ಕೋರ್ಟಿನ ಪಡಸಾಲೆಯಲ್ಲಿ ಇಡೀ ಸಂಘ ನೆರೆದಿತ್ತು. ಸಮಾಜ ಈ ಕುಟುಂಬದ ಬೆನ್ನಿಗಿದೆ ಎಂದು ನ್ಯಾಯಾಧೀಶರಿಗೆ ತಿಳಿಯಲಿ ಎಂಬುದು ಅಧ್ಯಕ್ಷರ ಯೋಜನೆ. ಹೆಂಗಸರು ರೇಷ್ಮೆ ಸೀರೆ, ಗಂಡಸರು ಜುಬ್ಬ, ಅಲ್ಯೂಮಿನಿಯಂ ಟ್ರೇಗಳಲ್ಲಿ ಪುಳಿಯೋಗರೆ. ಲಾಯರ್ ಆಂಟಿ ಲಿಫ್ಟಿನಿಂದ ಹೊರಬಂದು ಒಮ್ಮೆ ಎಲ್ಲರನ್ನೂ ನೋಡಿದರು.

“ಯಾರ ಮದುವಿ ಐತ್ರೀ ಇವತ್ತ?”

ಅಧ್ಯಕ್ಷರು ಹತ್ತಿರ ಹೋಗಿ ದನಿ ತಗ್ಗಿಸಿ, “ಮೇಡಂ, ಅಜ್ಜಿ ವಿಷಯ ಏನೋ ಸ್ವಲ್ಪ ಕನ್‌ಫ್ಯೂಷನ್ ಆಯ್ತು ಅಂತ ನೀವೇ ಅಡ್ಜಸ್ಟ್ ಮಾಡಿ ಹೇಳ್ಬಿಡಿ” ಅಂದರು.

“ಅಧ್ಯಕ್ಷರ, ಒಂದು ಉಪಕಾರ ಮಾಡ್ರಿ. ಆ ಪುಳಿಯೋಗರೆ ತಿನ್ರಿ. ಬಾಯಿ ತುಂಬಿರ್ತೈತಿ.”

ಆಮೇಲೆ ಮನೆ ಖರೀದಿಯ ವಕೀಲರನ್ನು ಪಕ್ಕಕ್ಕೆ ಕರೆದು ಇಂಗ್ಲಿಷಿನಲ್ಲಿ ಮಾತಾಡಿದರು. ನಾನು ಹತ್ತಿರವೇ ಇದ್ದೆ. ಒಳಗೆ ಹೋದ ಮೇಲೆ ಮಗುವಿನ ಮಾತನ್ನು ನಾನು ಹೇಳಲೇಬೇಕಾಗುತ್ತದೆ, ಅದಕ್ಕೆ ಮೊದಲು ತಾಯಿಯೇ ಹೇಳಿದರೆ ಮಗುವಿನ ತಲೆ ಮೇಲಿನ ಭಾರ ಇಳಿಯುತ್ತದೆ, ನಿಮ್ಮ ಕಕ್ಷಿದಾರರಿಗೆ ತಿಳಿಸಿ ಎಂದರು. ಬೆವರುತ್ತಿದ್ದ ಆ ಮನುಷ್ಯ ಮೊದಲ ಬಾರಿಗೆ ಒಂದು ಕೆಲಸಕ್ಕೆ ಬರುವ ಮಾತು ಕೇಳಿದವರಂತೆ ತಲೆಯಾಡಿಸಿ ಸೌಮ್ಯಳ ಹತ್ತಿರ ಹೋದರು.

ಒಳಗೆ ಎಲ್ಲರಿಗೂ ಜಾಗವಿರಲಿಲ್ಲ, ಸೌಮ್ಯಳ ಹಿಂದೆ ಕೂರಲು ನನಗೆ ಸಿಕ್ಕಿತು. ನ್ಯಾಯಾಧೀಶರು ಅಧಿಕಾರಿಯ ವರದಿ ಓದುತ್ತ ಒಂದು ಕಡೆ ನಿಂತು, ಈ ತೆಂಗಿನಕಾಯಿ ಏಕೆ ಎಂದು ಕೇಳಿದರು. ಸರ್ಕಾರದ ಕಡೆಯವರು ಅದನ್ನು ಲಂಚ ಎಂದುಕೊಂಡಿದ್ದರು. ನಮ್ಮ ಹುಬ್ಬಳ್ಳಿಯವರು ಎದ್ದು ಹೇಳಿದರು, ಈ ಜನರ ಮನೆಯಿಂದ ಹೆಣ್ಣುಮಕ್ಕಳು ಬರಿಗೈಯಲ್ಲಿ ಹೋಗುವ ಹಾಗಿಲ್ಲ, ನನ್ನ ಮನೆಯಲ್ಲೂ ತೆಂಗಿನಕಾಯಿಗಳ ರಾಶಿಯೇ ಬಿದ್ದಿದೆ, ಅದರಿಂದ ಒಬ್ಬರಿಗೂ ಒಂದು ಕೇಸನ್ನೂ ಗೆದ್ದುಕೊಟ್ಟಿಲ್ಲ ಎಂದು. ನ್ಯಾಯಾಧೀಶರ ತುಟಿ ಸ್ವಲ್ಪ ಅಲುಗಿತು.

ಸೌಮ್ಯ ಎದ್ದಳು. ಅತ್ತೆ ಕಾರಿನಲ್ಲಿ ಇರಲಿಲ್ಲ, ನಾನೇ ಮಗಳನ್ನು ಬಿಟ್ಟು ಹೋದೆ, ಹೆದರಿ ಸುಳ್ಳು ಹೇಳಿದೆ, ಅವಳಿಂದಲೂ ಹೇಳಿಸಿದೆ, ಅವಳದೇನೂ ತಪ್ಪಿಲ್ಲ ಎಂದಳು. ಆಮೇಲೆ ನಮ್ಮ ಹುಬ್ಬಳ್ಳಿಯವರು ಮಾತಾಡಿದ್ದು ಕಡಿಮೆ. ಮಗುವಿಗೆ ಕಾರಿನಲ್ಲಿ ಹೆದರಿಕೆಯಾಗಿರಲಿಲ್ಲ, ನಿದ್ದೆಯಲ್ಲಿತ್ತು, ಹೆದರಿಕೆ ಹುಟ್ಟಿಸಿದ್ದು ಅದನ್ನು ಕಾಪಾಡಲು ಹೊರಟ ದೊಡ್ಡವರು, ಈಗ ಬೇರೆ ಮನೆಗೆ ಕಳಿಸಿದರೆ ಖರೆ ಹೇಳಿದ್ದಕ್ಕೇ ಶಿಕ್ಷೆ ಎಂದು ಅದು ಜನ್ಮವಿಡೀ ತಿಳಿದುಕೊಳ್ಳುತ್ತದೆ ಎಂದು ಹೇಳಿ ಕೂತರು. ಮಗು ಮನೆಯಲ್ಲೇ ಇರಲಿ, ಅಧಿಕಾರಿ ಆಗಾಗ ಬಂದು ನೋಡಲಿ, ತಂದೆತಾಯಿ ಮಕ್ಕಳ ಪಾಲನೆಯ ತರಗತಿಗೆ ಹೋಗಲಿ ಎಂದು ತೀರ್ಮಾನವಾಯಿತು. ಕೆಲವು ತಿಂಗಳಲ್ಲಿ ಕೇಸೂ ಮುಗಿಯಿತು. ತರಗತಿ ಮುಗಿಸಿದ್ದಕ್ಕೆ ಸಿಕ್ಕ ಸರ್ಟಿಫಿಕೇಟನ್ನು ಪ್ರಶಾಂತ ಅಭ್ಯಾಸಬಲದಿಂದ ಲಿಂಕ್ಡ್‌ಇನ್‌ಗೆ ಹಾಕಲು ಹೊರಟಿದ್ದನಂತೆ, ಸೌಮ್ಯ ತಡೆದಳು.

ವಿಚಾರಣೆಯ ಆ ದಿನ ಹೊರಗೆ ಬಂದಾಗ ಎಲ್ಲರೂ ಲಾಯರ್ ಆಂಟಿಯನ್ನು ಮುತ್ತಿಕೊಂಡರು, ಏನಾಯ್ತು ಏನಾಯ್ತು ಎಂದು. ಅವರು ಯಾರಿಗೂ ಉತ್ತರಿಸದೆ, ಪಕ್ಕದ ಮನೆಯವರ ಜೊತೆ ಬೆಂಚಿನ ಮೇಲಿದ್ದ ಧೃತಿಯ ಹತ್ತಿರ ಹೋದರು. ಕೋರ್ಟಿನ ನೆಲದ ಮೇಲೆ ಮಂಡಿಯನ್ನು ಲಟಲಟ ಎನ್ನಿಸಿ ಕೂತು, ತಮ್ಮ ಕಕ್ಷಿದಾರರಿಗೆ ಮೊದಲು ಸುದ್ದಿ ಹೇಳಿದರು. ಸಂಘ ಕಾಯಿತು.

ಮಂಡಿ ಪೂರ್ತಿ ಕೈಕೊಟ್ಟ ಮೇಲೆ ಅವರು ಕೆಲಸ ಬಿಟ್ಟು ಚಿಕಾಗೋಗೆ ಹೋದರು. ನಾನೊಮ್ಮೆ ಹೋದಾಗ ಇಂಡಿಯನ್ ಅಂಗಡಿಗಳ ಬೀದಿಯಾದ ಡೆವನ್ ಅವೆನ್ಯೂಗೆ ಕರೆದುಕೊಂಡು ಹೋಗಿದ್ದರು. ಸಮೋಸ ಕಟ್ಟಿಸಿಕೊಂಡು ನಡೆಯುತ್ತಿದ್ದಾಗ ರಸ್ತೆ ಬದಿಗೆ ನಿಲ್ಲಿಸಿದ ಒಂದು ಕಾರಿನ ಪಕ್ಕ ಥಟ್ಟನೆ ನಿಂತರು. ಒಳಗೆ ಒಂದು ಮಗು ಬಾಯಿ ತೆರೆದು ನಿದ್ದೆ ಮಾಡುತ್ತಿತ್ತು. ಅಲ್ಲೇ ನಿಂತರು. ಗಾಳಿ ಕೊರೆಯುತ್ತಿತ್ತು, ಸಮೋಸ ತಣ್ಣಗಾಯಿತು. ಪೊಲೀಸರಿಗೆ ಹೇಳಬಹುದಲ್ಲ ಎಂದೆ.

“ಫೋನ್ ಮಾಡೂದು ಹಗುರ ಐತ್ರೀ. ನಿಂತು ಕಾಯೂದು ತ್ರಾಸು. ತ್ರಾಸಿಂದು ಮೊದ್ಲ ಮಾಡ್ಬೇಕು, ಅದು ಸಾಲದಿದ್ರ ಫೋನು.”

ಅಂಗಡಿಯಿಂದ ಒಬ್ಬ ತಾಯಿ ಚೀಲಗಳ ಸಮೇತ ಓಡಿಬಂದಳು, ಇವರನ್ನು ನೋಡಿ ಬಿಳಿಚಿಕೊಂಡಳು. ಇವರು, ಮಗು ಎದ್ದಿಲ್ಲ, ಮುಂದಿನ ಸಲ ಎಬ್ಬಿಸಿಕೊಂಡು ಹೋಗಿ, ಅತ್ತರೆ ಅಳಲಿ ಎಂದು ಹೇಳಿ ಅವಳ ಕೈಗೆ ಒಂದು ಸಮೋಸ ಕೊಟ್ಟು ಮುಂದೆ ನಡೆದರು. ಅಂದು ನನಗೆ ಅವರ ಮೇಲೆ ಬಂದ ಪ್ರೀತಿಯನ್ನು ಆಗಲೇ ಹೇಳಬೇಕಿತ್ತು. ತಣ್ಣನೆಯ ಸಮೋಸ ತಿನ್ನುತ್ತ ಅವರ ಹಿಂದೆ ನಡೆದೆ.

ಹೋದ ವಾರ ಫಾರ್ಮಿಂಗ್ಟನ್ ಹಿಲ್ಸಿನಲ್ಲಿ ಸಂಘ ಶ್ರದ್ಧಾಂಜಲಿ ಸಭೆ ಇಟ್ಟಿತ್ತು. ಆ ಪೇಟ ಕಣ್ಣಿಗಿಳಿದ ಫೋಟೊವನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದ್ದರು. ಅಧ್ಯಕ್ಷರು ಮತ್ತೆ ಅವರೇ, ಸ್ಲೈಡುಗಳೊಂದಿಗೆ ಬಂದಿದ್ದರು. ಲಾಯರ್ ಆಂಟಿ ಮತ್ತು ನಮ್ಮ ಲೀಗಲ್ ಕಮಿಟಿ ಸೇರಿ ಒಂದು ಕನ್ನಡ ಕುಟುಂಬವನ್ನು ಹೇಗೆ ಉಳಿಸಿದೆವು ಎಂದು ಶುರುಮಾಡಿದರು. ಹೆಸರು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ, ಎಲ್ಲರ ಕತ್ತೂ ಸೌಮ್ಯ ಕೂತ ಕಡೆಗೆ ತಿರುಗಿತು.

“ಅಜ್ಜಿ ಕಾರಿನಲ್ಲೇ ಮಲಗಿದ್ದರೂ ಯಾರೋ ಸರಿಯಾಗಿ ನೋಡದೆ ದೂರು ಕೊಟ್ಟಿದ್ದರು” ಎಂದರು ಅಧ್ಯಕ್ಷರು. ಅಷ್ಟು ವರ್ಷ ಹೇಳಿ ಹೇಳಿ ಅವರೂ ಅದನ್ನು ನಂಬಿಬಿಟ್ಟಿದ್ದರೋ ಏನೋ.

ಧೃತಿ ಎದ್ದು ನಿಂತಳು. ಈಗ ಅಮ್ಮನಷ್ಟೇ ಎತ್ತರ. ಸಂಘದ ಕನ್ನಡ ತರಗತಿಯಲ್ಲಿ ವರ್ಷಗಟ್ಟಲೆ ಕೂತರೂ ಕನ್ನಡದಲ್ಲಿ ಒಂದು ವಾಕ್ಯ ಆಡದ ಹುಡುಗಿ.

“ಅಜ್ಜಿ ವಾಸ್ ನಾಟ್ ಇನ್ ದ ಕಾರ್, ಅಂಕಲ್.”

ಸಭೆಯಲ್ಲಿ ಯಾರೋ ಕೆಮ್ಮಿದರು. ಅಧ್ಯಕ್ಷರು ಮೈಕಿನಲ್ಲೇ ನಕ್ಕು, “ಕೂತ್ಕೋ ಪುಟ್ಟಿ. ನೀನಾಗ ತುಂಬಾ ಚಿಕ್ಕೋಳು, ನಿನಗೆ ನೆನಪಿರಲ್ಲ” ಎಂದರು.

ಧೃತಿ ಕೂರಲಿಲ್ಲ. ಫೋಟೊ ಕಡೆಗೊಮ್ಮೆ ನೋಡಿ, ಅಪ್ಪಟ ಹುಬ್ಬಳ್ಳಿಯ ದನಿಯಲ್ಲಿ, ಸ್ಪಷ್ಟವಾಗಿ ಹೇಳಿದಳು:

“ಖರೇ ಹೇಳ್ರಿ, ಅಂಕಲ್.”

ಸೌಮ್ಯ ಮಗಳ ಕೈ ಹಿಡಿದು ಕೂರಿಸುತ್ತಾಳೆ ಎಂದುಕೊಂಡೆ. ಅವಳು ಕೈ ಹಿಡಿದಳು. ಆಮೇಲೆ ತಾನೂ ಎದ್ದು ಅವಳ ಪಕ್ಕದಲ್ಲಿ ನಿಂತಳು.